ಮೂಲ ಫೈಲನ್ನು ಸೇವ್ ಮಾಡಬೇಡ

“ಮುಟ್ಟಬ್ಯಾಡ್ರಿ!”

ಆರತಿಯ ಕೈ ಮೌಸಿನ ಮೇಲೆ ಕೂತು ಅರ್ಧ ಸೆಕೆಂಡೂ ಆಗಿರಲಿಲ್ಲ. ಇನ್ನೊಂದು ಕೈ ಎಲ್ಲಿಂದಲೋ ಬಂದು ಅವಳ ಬೆರಳುಗಳನ್ನು ಮೌಸ್ ಸಮೇತ ಅದುಮಿ ಹಿಡಿಯಿತು.

ಬೆಚ್ಚಿ ತಲೆ ಎತ್ತಿದಳು. ಮೂವತ್ತೆರಡರ ಆಸುಪಾಸಿನ ಗಂಡಸು. ಕೆನ್ನೆಯ ಮೇಲೆ ಒಂದು ಗೆರೆ ಶಾಯಿ. ಬಲಗೈ ಮಣಿಕಟ್ಟಿಗೆ ಕಂದು ಪಟ್ಟಿ ಸುತ್ತಿತ್ತು. ಹಿಡಿದದ್ದು ಎಡಗೈ.

“ಕೈ ಬಿಡ್ರಿ.”

“ಮೊದಲ ನೀವು ಮೌಸ್ ಬಿಡ್ರಿ.”

“ನೀವು ಕೈ ಬಿಟ್ರಲ್ಲೇನ್ರಿ ನಾ ಮೌಸ್ ಬಿಡೂದು?”

ಇಬ್ಬರ ಮಾತೂ ನ್ಯಾಯವಾದದ್ದೇ. ಹಾಗಾಗಿ ಇಬ್ಬರೂ ಬಿಡಲಿಲ್ಲ.

ಮೂಲೆಯಲ್ಲಿ ಲಕೋಟೆಗಳಿಗೆ ಅಂಟು ಹಚ್ಚುತ್ತ ಕೂತಿದ್ದ ಮೀರಾಬಿ ಕುಂಚ ಕೆಳಗಿಟ್ಟಳು. “ಹಿಂಗ ಕೈ ಹಿಡಕೊಂಡ ಕುಂತ್ರ ಸಂಜೀಕ ನಿಮ್ಮಿಬ್ಬರ ಪತ್ರಿಕಿನೂ ಛಾಪಿಸಬೇಕಾಗ್ತೈತಿ ನೋಡ್ರಿ. ನನಗ ಮೊದ್ಲ ಕೆಲಸ ಭಾಳ ಐತಿ!”

ಕೈ ತಟ್ಟನೆ ಬಿಟ್ಟಿತು. ಆರತಿಯ ಕಿವಿ ಬಿಸಿಯಾದವು. ಯಾಕೆ ಅಂತ ಅವಳಿಗೇ ತಿಳಿಯಲಿಲ್ಲ...

ಆ ಕಂಪ್ಯೂಟರನ್ನು ಹಾಗೆ ಮುಟ್ಟಬಾರದು ಎನ್ನುವುದಕ್ಕೆ ಕಾರಣವಿತ್ತು. ಅದನ್ನು ಚಾಲೂ ಮಾಡಿದರೆ ಮಾಳಮಡ್ಡಿಯ ಅರ್ಧ ಓಣಿಯ ದೀಪಗಳು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದವು. ಅದು ಎಚ್ಚರಗೊಳ್ಳುವಷ್ಟರಲ್ಲಿ ಬಸವಪ್ರಭು, ಅಂದರೆ ಈಗ ಕೈ ಹಿಡಿದಿದ್ದವನು, ಚಹಾ ಕುಡಿದು, ಲೋಟ ತೊಳೆದು, ಪೇಪರು ಓದಿ, ಅದರಲ್ಲಿದ್ದ ರಾಶಿಭವಿಷ್ಯ ಸುಳ್ಳಾಗುವುದನ್ನೂ ನೋಡಿ ಮುಗಿಸುತ್ತಿದ್ದ. ಮೌಸಿನ ಎಡಗುಂಡಿ ಈಶಾನ್ಯ ಮೂಲೆಯಲ್ಲಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತಿತ್ತು. ಹೋದ ವರ್ಷ ಒಬ್ಬ ಗಿರಾಕಿ ನಡುವೆ ಒತ್ತಿಬಿಟ್ಟದ್ದಕ್ಕೆ ಅವನ ಮಗಳ ಲಗ್ನ ೧೯೦೧ನೇ ಇಸವಿಗೆ ಛಾಪಾಗಿ ಹೋಗಿತ್ತು. ಊಟಕ್ಕೆ ಬಂದವರೇನೂ ಕಡಿಮೆಯಾಗಲಿಲ್ಲ, ಅದು ಬೇರೆ ಮಾತು.

ಯಲಿಗಾರ ಪ್ರಿಂಟರ್ಸ್‌ನ ಲಗ್ನಪತ್ರಿಕೆ ಇಲ್ಲದೆ ನಡೆದ ಲಗ್ನವನ್ನು ಧಾರವಾಡದವರು ಲಗ್ನ ಅನ್ನುವುದಿಲ್ಲ, ಬರೀ ಊಟ ಅನ್ನುತ್ತಾರೆ. ಓಡಿಹೋಗಿ ರಿಜಿಸ್ಟರ್ ಮಾಡಿಸಿಕೊಂಡಿದ್ದ ಎರಡು ಜೋಡಿಗಳು ಇದೊಂದು ಪತ್ರಿಕೆಯ ಆಸೆಗೆ ವಾಪಸು ಬಂದು ಮನೆಯವರ ಕೈಗೆ ಸಿಕ್ಕಿಬಿದ್ದಿದ್ದರು.

ಇಂಥ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ಬಸವಪ್ರಭು ಒಬ್ಬನೇ. ಈಗ ಸರಿಯಾಗಿ ಲಗ್ನದ ಸೀಜನ್ನಿಗೆ ಅವನ ಬಲಗೈ ಕೈಕೊಟ್ಟಿತ್ತು. ಮೂರು ತಿಂಗಳು ಆ ಕೈಯಲ್ಲಿ ಮೌಸ್ ಹಿಡಿಯಕೂಡದು ಎಂದಿದ್ದರು ಡಾಕ್ಟರು. ಎಡಗೈಯಲ್ಲೇ ಹೇಗೋ ಕೆಲಸ ಸಾಗಿತ್ತು.

“ಏಕನಾಥ ಸರ್ ಕಳಿಸ್ಯಾರ್ರಿ, ಹುಬ್ಬಳ್ಳಿ ದೇಶಪಾಂಡೆ ನಗರದ ಸಾಫ್ಟ್‌ವೇರ್ ಆಫೀಸಿಂದ,” ಎಂದಳು ಆರತಿ, ಬೆರಳು ಒರೆಸಿಕೊಳ್ಳುತ್ತ. “ನೀವು ಈ ಕಂಪ್ಯೂಟರ್‌ದಾಗ ಏನೇನ ಮಾಡ್ತೀರಿ, ಅಷ್ಟೂ ಬರ್ಕೊಬೇಕು.”

“ಬರ್ಕೊಂಡ ಏನ ಮಾಡವ್ರು?”

“ಏಜೆಂಟ್‌ಗೆ ಓದಾಕ ಕೊಡೂದ್ರಿ. ಒಂದ ಪ್ರೋಗ್ರಾಮ್ ಅದು. ಅದಕ್ಕ ಸ್ವಂತ ಕಣ್ಣಿಲ್ಲ, ಕೈ ಇಲ್ಲ. ನಾವು ಟೂಲ್ ಕೊಡ್ತೀವಿ. ಒಂದ ಟೂಲ್ ಪರದೆದ ಫೋಟೊ ತಗೀತೈತಿ, ಒಂದ ಕ್ಲಿಕ್ ಮಾಡ್ತೈತಿ, ಒಂದ ಟೈಪ್ ಮಾಡ್ತೈತಿ. ಆದ್ರ ಯಾವ ಟೂಲ್ ಯಾವಾಗ ಎತ್ತಬೇಕು, ಎಲ್ಲೆ ನಿಲ್ಲಬೇಕು, ಯಾವಾಗ ಮನಷ್ಯಾರ್ನ ಕೇಳಬೇಕು... ಅದನ್ನ ಯಾರರ ಬರದ ಕೊಡಬೇಕಲ್ರಿ? ಆ ಬರಿಯೂ ಕೆಲಸ ನಂದು.”

“ಅಂದ್ರ ಭೂತಕ್ಕ ಪಾಠ ಹೇಳೂ ಅಕ್ಕಾರು ನೀವು.”

“ಭೂತ ಅಂದ್ರ ಭೂತ. ಆದ್ರ ಬರದದ್ದ ಬಿಟ್ಟ ಮಾಡಂಗಿಲ್ಲ.”

“ನಮ್ಮ ಗಿರಾಕಿಗೋಳಕಿಂತ ಛಲೋ ಐತಿ, ಹಂಗಾದ್ರ. ಕುಂದರ್ರಿ,” ಎಂದು ಸ್ಟೂಲು ಎಳೆದುಕೊಟ್ಟ ಬಸವಪ್ರಭು. ಕೊಡುವ ಮುಂಚೆ ಅದರ ಮೇಲಿನ ಶಾಯಿಯನ್ನು ತನ್ನದೇ ಅಂಗಿಯ ತುದಿಯಿಂದ ಒರೆಸಿದ.

ಅಂಗಿ ಕೆಟ್ಟಿತು. ಸ್ಟೂಲಿನ ಮೇಲೆ ಶಾಯಿ ಹಾಗೇ ಉಳಿಯಿತು. ಆರತಿಗೆ ಯಾಕೋ ಆ ಅಂಗಿ ನೋಡಿ ನಗು ಬಂತು.

ಮಾರನೇ ದಿನದಿಂದ ಅವಳ ಬಿಡಾರ ಆ ಸ್ಟೂಲಿನ ಮೇಲೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಒಂಬತ್ತೂವರೆಗೆ ಹಾಜರು. ಪರದೆಯ ಮೇಲೆ ನಡೆದದ್ದೆಲ್ಲ ಒಂದು ಪ್ರೋಗ್ರಾಮಿನಲ್ಲಿ ದಾಖಲಾಗುತ್ತಿತ್ತು. ಅವನು ಮಾಡಿದ್ದು, ನಿಲ್ಲಿಸಿದ್ದು, ಗೊಣಗಿದ್ದು ಅವಳ ನೋಟ್‌ಬುಕ್ಕಿನಲ್ಲಿ.

“ಈಗ ಯಾಕ ನಿಂತ್ರಿ?”

“ಸೀನು ಬಂತ್ರಿ.”

“ಅದನ್ನ ಬರೀಲ್ಯೋ, ಬ್ಯಾಡೋ?”

“ನಿಮ್ಮ ಭೂತಕ್ಕ ನೆಗಡಿ ಬರ್ತಿದ್ರ ಬರೀರಿ!”

ಒಂದು ದಿನ ಸುಳ್ಳ ಗ್ರಾಮದಿಂದ ಒಬ್ಬ ಕಾಕಾ ಬಂದರು. ಪತ್ರಿಕೆಯ ಪ್ರೂಫ್ ನೋಡಿ ಮೀಸೆ ನಡುಗಿಸಿದರು.

“ಅಣ್ಣನ ಹೆಸರಿನ ಬುಡಕ ನನ್ನ ಹೆಸರ ಬಂದ್ರ ನಾ ಲಗ್ನಕ್ಕ ಬರಂಗಿಲ್ಲ.”

“ಮ್ಯಾಲೆ ಹಾಕಿದ್ರ ಅಣ್ಣಾರು ಬರಂಗಿಲ್ಲಲ್ರಿ ಕಾಕಾ?”

“ಬ್ಯಾಡ. ಯಾರ ಕರದಾರ ಅವಂಗ?”

ಕರೆದವರು ಹುಡುಗಿಯ ಅಪ್ಪ, ಅಂದರೆ ಅದೇ ಅಣ್ಣ. ಬಸವಪ್ರಭು ತುಟಿ ಪಿಟಕ್ಕೆನ್ನದೆ ಎರಡು ಹೆಸರುಗಳನ್ನೂ ಅಕ್ಕಪಕ್ಕ ಕೂರಿಸಿದ. ಆಗ ಎಡಕ್ಕೆ ಯಾರು ಅಂತ ಜಗಳ ಶುರುವಾಯಿತು. ಕಡೆಗೆ ಅರ್ಧ ಪತ್ರಿಕೆಗಳಲ್ಲಿ ಅಣ್ಣ ಎಡಕ್ಕೆ, ಇನ್ನರ್ಧದಲ್ಲಿ ತಮ್ಮ ಎಡಕ್ಕೆ ಛಾಪಿಸಿ ಕಳಿಸಿದ. ಯಾರ ಮನೆಗೆ ಯಾವ ಪತ್ರಿಕೆ ಎಂದು ಮೀರಾಬಿ ಲಕೋಟೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಸುಳ್ಳದಲ್ಲಿ ಇವತ್ತಿಗೂ ಆ ಅಣ್ಣತಮ್ಮ ಅನ್ಯೋನ್ಯವಾಗಿದ್ದಾರಂತೆ. ಒಬ್ಬರ ಪತ್ರಿಕೆ ಇನ್ನೊಬ್ಬರು ಇನ್ನೂ ನೋಡಿಲ್ಲ.

ಆರತಿ ಏಜೆಂಟಿಗಾಗಿ ಬರೆಯುತ್ತಿದ್ದ ಕೈಪಿಡಿಯಲ್ಲಿ ಬರೆದಳು: “ಹೆಸರುಗಳ ಕ್ರಮದ ಬಗ್ಗೆ ತಕರಾರು ಬಂದರೆ ನೀನು ತೀರ್ಮಾನ ಮಾಡಬೇಡ. ನಿಲ್ಲು. ಮನುಷ್ಯರನ್ನು ಕರೆ.”

“ಇನ್ನೊಂದ ಬರ್ಕೋರಿ,” ಎಂದ ಬಸವಪ್ರಭು, ಅಂದು ಸಂಜೆ. “ಮನಿ ಹಿರಿಯಾರು ತೀರಿಕೊಂಡಿದ್ರ ಹೆಸರಿನ ಮುಂದ ‘ಲಿಂ.’ ಅಂತ ಹಾಕಬೇಕು. ಲಿಂಗೈಕ್ಯ ಆದವ್ರು ಅಂತ. ಅದನ್ನ ಬಿಟ್ರ ಮಂದಿ ಭಾಳ ನೊಂದ್ಕೋತಾರ.”

ಅವಳು ಅದನ್ನೂ ಬರೆದಳು. ಹೇಳುವಾಗ ಅವನು ಕಿಟಕಿಯ ಕಡೆ ನೋಡುತ್ತಿದ್ದ. ಅದನ್ನು ಮಾತ್ರ ಬರೆಯಲಿಲ್ಲ.

ದಿನ ಕಳೆದಂತೆ ಬರೆಯಲಾಗದ ಸಂಗತಿಗಳೇ ಹೆಚ್ಚಾದವು. ಎಡಗೈಯಲ್ಲಿ ಚಹಾ ಕೊಡುವಾಗ ಅವನು ಅಷ್ಟೊಂದು ಸಂಕೋಚಪಡುವುದು... ಫ್ಯಾನು ತನ್ನ ಕಡೆ ತಿರುಗಿರುವುದು, ತಾನು ತಿರುಗಿಸದಿದ್ದರೂ... ಬಿಸಿಲು ಸ್ಟೂಲಿನ ಮೇಲೆ ಬೀಳುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಕಾಗದದ ರೀಮು ಅಡ್ಡ ನಿಲ್ಲುವುದು...

‘ಏ ಆರತಿ, ನೀ ಬಂದಿದ್ದು ಕೆಲಸಕ್ಕ!’ ಎಂದು ಅವಳ ಮನಸ್ಸು ಬೈಯುತ್ತಿತ್ತು. ಬೈಯುವ ದನಿಯೇ ಸ್ವಲ್ಪ ಖುಷಿಯಲ್ಲಿರುತ್ತಿತ್ತು.

ಆದರೆ ಆ ಫೈಲು!

ಈ ಪ್ರೆಸ್ಸಿನಲ್ಲಿ ಯಾವ ಪತ್ರಿಕೆಯೂ ಖಾಲಿ ಪುಟದಿಂದ ಹುಟ್ಟುತ್ತಿರಲಿಲ್ಲ. ಒಂದು ಹಳೆಯ ಪತ್ರಿಕೆಯ ಫೈಲು ಇತ್ತು. ಅದನ್ನು ತೆರೆಯುವುದು, ಅದರಲ್ಲಿದ್ದ ಹೆಸರು ಅಳಿಸುವುದು, ಹೊಸ ಹೆಸರು ತುಂಬುವುದು, ಬೇರೆ ಫೈಲಾಗಿ ಉಳಿಸಿಕೊಳ್ಳುವುದು. ಮೂರು ವರ್ಷಗಳಿಂದ ಧಾರವಾಡದ ಸಾವಿರಾರು ಲಗ್ನಗಳು ಆ ಒಂದು ಫೈಲಿನ ಹೊಟ್ಟೆಯಿಂದ ಬಂದಿದ್ದವು.

ಅದರಲ್ಲಿದ್ದ ಹೆಸರುಗಳನ್ನು ಆರತಿ ನಾಲ್ಕನೇ ದಿನ ಸರಿಯಾಗಿ ಓದಿದಳು.

‘ಚಿ. ಬಸವಪ್ರಭು’ ಮತ್ತು ‘ಚಿ.ಕುಂ.ಸೌ. ರಜನಿ’.

ಪೆನ್ನಿನ ಮುಚ್ಚಳ ಹಾಕಿದಳು.

ಅವನು ತನ್ನ ಹೆಸರನ್ನು ಚಕ್ಕನೆ ಅಳಿಸಿದ. ರಜನಿಯ ಹೆಸರನ್ನೂ ಅಳಿಸಿದ. ಮುಂದಿನ ಬಾಕ್ಸಿಗೆ ಹೋಗುವ ಕೀಲಿ ಒತ್ತಿದ. ಆಮೇಲೆ... ಸುಮ್ಮನೆ ಕೂತ.

ಒಂದು, ಎರಡು, ಮೂರು... ಏಳು ಸೆಕೆಂಡು! ಪರದೆಯ ಮೇಲೆ ರಜನಿಯ ಹೆಸರಿದ್ದ ಜಾಗ ಬರಿದಾಗಿ ಬಿದ್ದಿತ್ತು. ಅವನ ಕಣ್ಣು ಅಲ್ಲೇ ಇತ್ತು.

ಐದನೇ ದಿನ ಮತ್ತೆ ಏಳು ಸೆಕೆಂಡು. ಆರನೇ ದಿನವೂ. ಪ್ರತಿ ಪತ್ರಿಕೆಗೂ!

‘ಏನೂ ಅಲ್ಲದಿದ್ದರೆ ಸಾಕಪ್ಪಾ...’ ಎಂದುಕೊಳ್ಳುತ್ತಲೇ ಎರಡನೇ ವಾರ ಒಂದು ದಿನ ಊಟದ ಹೊತ್ತಿನಲ್ಲಿ ಮೀರಾಬಿಯ ಪಕ್ಕ ಕೂತಳು.

“ಅಕ್ಕಾ, ರಜನಿ ಅಂದ್ರ ಯಾರ್ರಿ?”

ಮೀರಾಬಿ ರೊಟ್ಟಿ ಮುರಿಯುತ್ತ ನಿಟ್ಟುಸಿರಿಟ್ಟಳು. “ಪ್ರಭುಗ ಗೊತ್ತ ಮಾಡಿದ್ದ ಹುಡುಗಿ, ಬೇಟಿ. ನಿಶ್ಚಯ ಆಗಿತ್ತು. ಆಮ್ಯಾಲೆ ಮುರೀತು. ಆಕಿ ಬ್ಯಾರೆ ಕಡೆ ಲಗ್ನ ಆದ್ಲು. ಇವಾ ನೋಡು, ದಿನಾ ಆ ಹೆಸರ ತಗದ ಮುಂದಿಟ್ಕೊಂಡ ಕುಂದರ್ತಾನ. ನನಗೇನ ಕಣ್ಣಿಲ್ಲೇನು? ಮರ್ತಿಲ್ಲ ಅವಾ ಆಕೀನ್ನ.”

ಆರತಿ ಅರ್ಧ ರೊಟ್ಟಿ ಡಬ್ಬಿಗೆ ವಾಪಸು ಹಾಕಿದಳು.

ಅಂದು ಮಧ್ಯಾಹ್ನ ಕೇಳಿಯೇಬಿಟ್ಟಳು. ದನಿ ಆಫೀಸಿನದ್ದಾಗಿತ್ತು.

“ನನಗೊಂದ ಖಾಲಿ ಫೈಲ್ ಮಾಡಿ ಕೊಡ್ರಿ. ಹೆಸರ ಇಲ್ದದ್ದು.”

“ಯಾಕ್ರಿ? ಇದ ಐತಲ್ಲ.”

“ಇದರಾಗ ಖರೇ ಮಂದಿ ಹೆಸರ ಅದಾವು. ಏಜೆಂಟ್ ಒಂದ ಬಾಕ್ಸ್ ತಪ್ಪಿಸಿದ್ರ, ಯಾರದೋ ಲಗ್ನದಾಗ ನಿಮ್ಮ ಹೆಸರ ಛಾಪಾಗ್ತೈತಿ.”

“ಆ ಫೈಲ್ ಮುಟ್ಟಬ್ಯಾಡ್ರಿ,” ಎಂದ ಬಸವಪ್ರಭು. ಇಷ್ಟು ದಿನ ಕೇಳದ ದನಿ. “ಅದರಾಗಿಂದು ಏನೂ ಬದಲಿ ಆಗಬಾರ್ದು. ಸೇವ್ ಸುದ್ಧಾ ಮಾಡಬಾರ್ದು. ಇಷ್ಟ ಬರೀರಿ ನಿಮ್ಮ ಭೂತಕ್ಕ.”

“ಅಷ್ಟೇನೈತ್ರಿ ಅದರಾಗ?”

ಅವನು ಎದ್ದು ಮಷೀನಿನ ಕಡೆ ಹೋದ.

‘ಅಷ್ಟೇನೈತಿ? ರಜನಿ ಅದಾಳ! ಮತ್ತೇನ!’

ಸಂಜೆಯ ಚಿಗರಿ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ನವಲೂರು ದಾಟುವಾಗ ಅವಳು ಆ ಸಾಲನ್ನು ಬರೆದಳು: “ಮೂಲ ಫೈಲನ್ನು ಎಂದೂ ಸೇವ್ ಮಾಡಬೇಡ. ಯಾವಾಗಲೂ ಬೇರೆ ಹೆಸರಿಟ್ಟು ಉಳಿಸು.”

ಓದಿದಳು. ಮತ್ತೆ ಓದಿದಳು. ಕಣ್ಣು ತುಂಬಿ ಅಕ್ಷರಗಳು ಈಜಾಡತೊಡಗಿದವು.

‘ಈ ಒಂದ ಸಾಲ ಇರಲಿಲ್ಲಾಂದ್ರ... ಏಜೆಂಟ್ ತನ್ನಷ್ಟಕ್ಕ ಸೇವ್ ಮಾಡಿಬಿಡ್ತೈತಿ. ಹೊಸಾ ಹೆಸರ ಬಂದು ಕುಂದರ್ತಾವು. ಆ ಹೆಸರ ಹೋಗಿಬಿಡ್ತೈತಿ. ಯಾರ ತಪ್ಪೂ ಆಗಂಗಿಲ್ಲ...’

ಉಣಕಲ್ ಬರುವಷ್ಟರಲ್ಲಿ ಆ ಸಾಲು ಇರಲಿಲ್ಲ.

ಕೈಪಿಡಿ ಬರೆಯುವವರು ಸಾಧಾರಣವಾಗಿ ಒಳ್ಳೆಯ ಜನ. ಅವಳೂ ಅವತ್ತು ಬೆಳಗಿನವರೆಗೆ ಒಳ್ಳೆಯವಳೇ ಇದ್ದಳು.

ಸೋಮವಾರ ಪರೀಕ್ಷೆ. ಏಕನಾಥ ಸರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ. ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಂತರು.

ಪರದೆಯ ಮೇಲೆ ಬಾಣ ತಾನಾಗಿಯೇ ಹೊರಟಿತು.

“ಯಾ ಅಲ್ಲಾ!” ಮೀರಾಬಿ ಅಂಟಿನ ಡಬ್ಬಿಯನ್ನೇ ಎದೆಗೆ ಅವಚಿಕೊಂಡಳು. “ಕೈ ಇಲ್ದ ನಡದೈತಿ!”

ಫೈಲು ತೆರೆಯಿತು. ಪುಟ ಮೇಲೆ ಹೋಯಿತು, ಕೆಳಗೆ ಬಂತು, ಎಲ್ಲೆಲ್ಲೋ ಅಕ್ಷರಗಳು ಮಿಣಮಿಣ ಓಡಿದವು. ನಾಲ್ಕು ನಿಮಿಷದಲ್ಲಿ ಅಮ್ಮಿನಬಾವಿಯ ಹುಡುಗನಿಗೂ ಕುಂದಗೋಳದ ಹುಡುಗಿಗೂ ಪತ್ರಿಕೆ ತಯಾರು! ಒಂದು ಹೆಸರೂ ತಪ್ಪಿರಲಿಲ್ಲ.

ಏಕನಾಥ ಸರ್ ಚಪ್ಪಾಳೆ ತಟ್ಟಿದರು. “ಭಲೇ ಆರತಿ! ಏನ ಬರದೀಯವ್ವಾ!”

ಬಸವಪ್ರಭು ನಗುತ್ತಲೇ ಮುಂದೆ ಬಂದ. ಅಭ್ಯಾಸದಂತೆ ಕೂತು, ಮುಂದಿನ ಪತ್ರಿಕೆಗೆಂದು ಮೂಲ ಫೈಲು ತೆರೆದ.

ನಗು ಅಲ್ಲೇ ನಿಂತಿತು.

ಆರತಿ ಹತ್ತಿರ ಬರುವಷ್ಟರಲ್ಲಿ ಅವನು ಫೈಲು ಮುಚ್ಚಿದ್ದ. ಆದರೆ ಅವನ ಮುಖ ಕಂಡಿತು. ಪ್ರೆಸ್ಸಿನ ಕಾಗದಕ್ಕೂ ಅದಕ್ಕೂ ವ್ಯತ್ಯಾಸ ಇರಲಿಲ್ಲ.

“ಸೇವ್ ಮಾಡೈತ್ರಿ ಇದು,” ಎಂದ ಮೆಲ್ಲಗೆ.

“ಏನಾತ್ರಿ?” ಏಕನಾಥ ಸರ್ ಗಾಬರಿಯಾದರು.

“ಏನಿಲ್ರಿ. ಯಾರ ತಪ್ಪಲ್ಲ. ಆದ್ರ ಇದು... ಸಾಕ್ರಿ. ಕೈ ನೋಯ್ದ್ರ ನೋಯ್ಲಿ, ನಾನ ಮಾಡ್ಕೋತೇನಿ.” ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. “ನೀವು ಭಾಳ ದುಡದ್ರಿ, ಆರತಿ ಅವ್ರ. ನಾಳಿಂದ ಬರೂದ ಬ್ಯಾಡ.”

ಅವಳು ಗೆದ್ದಿದ್ದಳು. ಗೆದ್ದವರು ಹೀಗೆ ಚೀಲ ಎತ್ತಿಕೊಂಡು ಹೊರಡಬೇಕಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಮಷೀನ್ ತಪ್ಪ ಮಾಡೇತಿ ಅಂತ ಎರಡ ಸಾಲ ವರದಿ ಬರದ ಹಾಕವ್ವಾ, ಮುಗೀತು,” ಎಂದರು ಏಕನಾಥ ಸರ್, ಆಫೀಸಿಗೆ ಬಂದ ಮೇಲೆ. “ಮಷೀನ್ ಏನ ಅಳ್ತೈತೇನು?”

ವರದಿಗೆಂದು ಆರತಿ ಏಜೆಂಟಿನ ದಾಖಲೆ ತೆರೆದಳು. ಅದು ಮಾಡಿದ ಪ್ರತಿಯೊಂದು ಕೆಲಸವೂ, ಕಾರಣ ಸಮೇತ, ಸಾಲುಸಾಲಾಗಿ ಇತ್ತು.

ರಜನಿಯ ಹೆಸರು ಅಳಿಸಿದ್ದನ್ನು ಹುಡುಕಿದಳು. ಇತ್ತು, ಆದರೆ ಹೊಸ ಫೈಲಿನಲ್ಲಿ; ಹೊಸ ಪತ್ರಿಕೆಯನ್ನು ಬೇರೆ ಫೈಲಾಗಿ ಉಳಿಸುವ ಹಂತ ಕೈಪಿಡಿಯ ಬೇರೆ ಪುಟದಲ್ಲೂ ಇತ್ತು. ಮೂಲದಲ್ಲಿ ಆ ಹೆಸರು ಹಾಗೇ ಇತ್ತು! ಅಕ್ಷರವೂ ಕದಲಿರಲಿಲ್ಲ.

‘ಮತ್ತ... ಏನ ಸೇವ್ ಮಾಡೈತಿ?’

ಮೇಲಿನ ಸಾಲಿಗೆ ಹೋದಳು.

“ಬಾಕ್ಸ್ ೯, ಆಮಂತ್ರಿಸುವವರು: ‘ದ್ಯಾಮಣ್ಣ ಯಲಿಗಾರ’. ಇದೇ ಪುಟದ ಅಡಿಯಲ್ಲಿ, ಬೇರೊಂದು ಫೈಲಿನಿಂದ ತಾನಾಗಿ ಬಂದು ಸೇರುವ ಮುದ್ರಕರ ಸಾಲಿನಲ್ಲಿ, ‘ಸಂಸ್ಥಾಪಕರು: ಲಿಂ. ದ್ಯಾಮಣ್ಣ ಯಲಿಗಾರ’ ಎಂದಿದೆ. ಕೈಪಿಡಿಯ ನಿಯಮದಂತೆ ಬಾಕ್ಸ್ ೯ರಲ್ಲಿ ‘ಲಿಂ.’ ಸೇರಿಸಿ, ಮೂಲ ಫೈಲನ್ನು ಸರಿಪಡಿಸಿ ಸೇವ್ ಮಾಡಲಾಗಿದೆ. ಹಿಂದೆ ಸೇವ್ ಆಗಿದ್ದು: ಮೂರು ವರ್ಷ, ಎರಡು ತಿಂಗಳ ಹಿಂದೆ.”

ಆರತಿ ಆ ಸಾಲನ್ನು ಇನ್ನೊಮ್ಮೆ ಓದಿದಳು.

ಬಸವಪ್ರಭುವಿನ ಹದಿನಾಲ್ಕು ದಿನಗಳ ದಾಖಲೆ ತೆರೆದಳು. ಆ ಏಳು ಸೆಕೆಂಡುಗಳನ್ನು ಹುಡುಕಿದಳು. ರಜನಿಯ ಹೆಸರು ಅಳಿಸಿದ ಮೇಲೆ ಅವನು ಮುಂದಿನ ಬಾಕ್ಸಿಗೆ ಹೋಗುವ ಕೀಲಿ ಒತ್ತುತ್ತಿದ್ದ. ಆ ಹಳೆಯ ಸಾಫ್ಟ್‌ವೇರಿನಲ್ಲಿ ಮುಂದಿನ ಬಾಕ್ಸ್ ಎಂದರೆ ಕೆಳಗಿನ ಸಾಲಲ್ಲ. ಪುಟದ ತೀರಾ ಕೆಳತುದಿಯಲ್ಲಿದ್ದ ಒಂಬತ್ತನೇ ಬಾಕ್ಸ್. ಕರ್ಸರ್ ಅಲ್ಲಿಗೆ ಹೋಗಿರುತ್ತಿತ್ತು, ಪರದೆ ಮಾತ್ರ ಪುಟದ ತಲೆಯನ್ನೇ ತೋರಿಸುತ್ತಿತ್ತು.

ಅವಳು ನೋಡಿದ್ದು ಪರದೆಯನ್ನು. ಅವನು ಕೂತಿದ್ದು ಬೇರೆಲ್ಲೋ.

ಪ್ರತಿ ದಿನ, ಪ್ರತಿ ಪತ್ರಿಕೆಗೆ, ಏಳು ಸೆಕೆಂಡು... ಬಾಕ್ಸ್ ೯.

ಮೀರಾಬಿಗೆ ಫೋನು ಹಚ್ಚಿದಳು. “ಅಕ್ಕಾ, ದ್ಯಾಮಣ್ಣ ಅವರು ಯಾವಾಗ ತೀರಿಕೊಂಡ್ರು?”

“ಪ್ರಭುನ ಲಗ್ನಕ್ಕ ಹದಿನೈದ ದಿನ ಇತ್ತು, ಬೇಟಿ. ಮಗನ ಪತ್ರಿಕಿ ನಾನ ಮಾಡಾಂವ ಅಂತ ಹಟಾ ಮಾಡಿ ಇಡೀ ದಿನ ಕಂಪ್ಯೂಟರ್ ಮುಂದ ಕುಂತಿದ್ರು ಅವತ್ತ. ಮರುದಿನ ಮುಂಜಾನೆ ಏಳಲಿಲ್ಲ... ಛಾಪಾಗಲೇ ಇಲ್ಲ ಅದು. ವರ್ಷ ಲಗ್ನ ಮುಂದಕ ಹೋತು, ಆ ಹುಡುಗಿ ಮನ್ಯಾಗಿನವ್ರು ತಡೀಲಿಲ್ಲ. ಯಾಕವ್ವಾ? ಯಾಕ ಅಳಾಕತ್ತಿ?”

ಆರತಿ ಫೋನು ಇಟ್ಟಳು.

ಆ ಫೈಲಿನಲ್ಲಿ ದ್ಯಾಮಣ್ಣ ಇನ್ನೂ ಇದ್ದರು. ಮಗನ ಲಗ್ನಕ್ಕೆ ಊರನ್ನೆಲ್ಲ ಕರೆಯುತ್ತ, ಹೆಸರಿನ ಮುಂದೆ ಯಾವ ಅಕ್ಷರವೂ ಇಲ್ಲದೆ. ಅವರು ಕೊನೆಯ ಸಲ ಮುಟ್ಟಿದ ತಾರೀಖು ಅದರ ಮೇಲಿತ್ತು. ಅದಕ್ಕೇ ಅವನು ಮೂರು ವರ್ಷ ಅದನ್ನು ಸೇವ್ ಮಾಡಿರಲಿಲ್ಲ.

ಮಷೀನು ತಪ್ಪು ಮಾಡಿ ಅವರನ್ನು ಕಳಿಸಿಬಿಟ್ಟಿತು ಎಂದು ಬರೆಯಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಎಂದಾದರೂ ಕ್ಷಮಿಸುತ್ತಿದ್ದ, ಬಹುಶಃ ಮತ್ತೆ ಸ್ಟೂಲೂ ಕೊಡುತ್ತಿದ್ದ...

ಖರೇ ಹೇಳಿದರೆ ಅವನು ಮತ್ತೆ ಮುಖ ನೋಡುತ್ತಾನೋ ಇಲ್ಲವೋ!

ಇಡೀ ಸಂಜೆ ಅವಳು ಖಾಲಿ ವರದಿಯನ್ನು ನೋಡುತ್ತ ಕೂತಳು.

ಮರುದಿನ ಬೆಳಿಗ್ಗೆ ಅವಳು ಪ್ರೆಸ್ಸಿನ ಮೆಟ್ಟಿಲು ಹತ್ತಿದಾಗ ಬಸವಪ್ರಭು ಪಟ್ಟಿ ಬಿಚ್ಚಿದ ಬಲಗೈಯಿಂದ ಮೌಸ್ ಹಿಡಿಯಲು ಹೆಣಗುತ್ತಿದ್ದ.

“ಬರಬ್ಯಾಡ ಅಂದಿದ್ದೆ...”

“ಒಂದ ಮಾತ ಹೇಳಿ ಹೋಗ್ತೇನ್ರಿ. ನಡುವ ಮಾತಾಡಬ್ಯಾಡ್ರಿ. ಮಾತಾಡಿದ್ರ ನನಗ ಮತ್ತ ಧೈರ್ಯ ಆಗಂಗಿಲ್ಲ.”

ಅವನು ಮೌಸ್ ಬಿಟ್ಟ. ಮೂಲೆಯಲ್ಲಿ ಮೀರಾಬಿಯ ಕುಂಚವೂ ಕೆಳಗಿಳಿಯಿತು.

“ಏಜೆಂಟ್ ತಪ್ಪ ಮಾಡಿಲ್ರಿ. ನಾ ಮಾಡೇನಿ. ಮೂಲ ಫೈಲ್ ಸೇವ್ ಮಾಡಬ್ಯಾಡ ಅಂತ ಬರದಿದ್ದೆ. ಬರದು... ಅಳಿಸೇನಿ. ನೋಡ್ಕೋತ, ತಿಳದ, ಅಳಿಸೇನಿ.”

“ಯಾಕ್ರಿ?”

“ಹೊಟ್ಟಿಕಿಚ್ಚಿಗೆ!” ಅವಳ ದನಿ ಒಡೆಯಿತು. “ನೀವು ದಿನಾ ಏಳ ಸೆಕೆಂಡ್ ರಜನಿ ಹೆಸರ ನೋಡ್ತೀರಿ ಅಂತ ತಿಳದೆ. ಆ ಹೆಸರ ಹೋಗ್ಲಿ ಅಂತ ಅಳಿಸಿದೆ. ನಿಮ್ಮ ಅಪ್ಪಾರು ಅಲ್ಲಿದ್ದದ್ದು ನನಗ ಗೊತ್ತಿರಲಿಲ್ರಿ... ಗೊತ್ತಿದ್ರ...”

ಸೆರಗೂ ಇಲ್ಲದ ಚೂಡಿದಾರದವಳು ಕಣ್ಣೊರೆಸಲು ಕೈಗೆ ಸಿಕ್ಕ ಪ್ರೂಫ್ ಕಾಗದ ಎತ್ತಿಕೊಂಡಳು. ಯಾರದೋ ಮಾವನ ಹೆಸರು ಅವಳ ಕೆನ್ನೆಗೆ ಅಂಟಿತು.

ಬಸವಪ್ರಭು ಎದ್ದ. ಬಾಗಿಲವರೆಗೆ ಹೋದ. ಬೀದಿ ನೋಡುತ್ತ ನಿಂತ.

“ಸಿಟ್ಟ ಬಂದೈತ್ರಿ,” ಎಂದ ಅಲ್ಲಿಂದಲೇ.

“ಬರ್ಲಿ. ಬರಬೇಕು.”

“ಭಾಳ ಬಂದೈತಿ.”

“ಹೂಂ.”

“ಆ ಸಾಲಿನ್ಯಾಗ ನಮ್ಮಪ್ಪ ದಿನಾ ಎಲ್ಲಾರ್ನೂ ಲಗ್ನಕ್ಕ ಕರೀತಿದ್ದ. ನಾ ಒಂದಿಷ್ಟೊತ್ತ ಅವನ ಮುಂದ ಕುಂತು, ಆಮ್ಯಾಲೆ ಅಳಸ್ತಿದ್ದೆ. ನಾಳೆ ಮತ್ತ ಬರ್ತಾನಲ್ಲ, ಅನ್ನೂ ಧೈರ್ಯ.” ಅವನ ದನಿ ತಗ್ಗಿತು. “ನಿನ್ನೆ ಅದ ಫೈಲ್ ತಗದ್ರ... ‘ಲಿಂ.’ ಅಂತಿತ್ತು. ಆಸ್ಪತ್ರ್ಯಾಗ ಹೇಳಿದಾಗ ಅಳು ಬಂದಿದ್ದಿಲ್ಲ ನನಗ. ನಿನ್ನೆ ಬಂತು.”

ಆರತಿ ಒಂದು ಹೆಜ್ಜೆ ಮುಂದೆ ಬಂದಳು. “ತಾರೀಖ ಹಿಂದಕ ತರಬಹುದ್ರಿ. ಒಂದ ಕಮಾಂಡ್ ಸಾಕು. ಮೊದಲಿನಂಗ ಕಾಣ್ತೈತಿ...”

“ಬ್ಯಾಡ. ಸುಳ್ಳ ತಾರೀಖ ಅಪ್ಪಗ ಸೇರ್ತಿದ್ದಿಲ್ಲ.” ತಿರುಗಿದ. ಕಣ್ಣು ಕೆಂಪಾಗಿದ್ದವು, ಆದರೆ ಅದರೊಳಗೆ ಎಲ್ಲೋ ಬೇರೇನೋ ಮೂಡುತ್ತಿತ್ತು. “ಇನ್ನೊಮ್ಮೆ ಹೇಳ್ರಿ. ಯಾರ ಮ್ಯಾಲೆ ಹೊಟ್ಟಿಕಿಚ್ಚು?”

“...ರಜನಿ ಮ್ಯಾಲೆ.”

“ಆಕಿ ಲಗ್ನದ ಪತ್ರಿಕಿ ನಾನ ಮಾಡೇನ್ರಿ. ಅದ ಫೈಲಿನ್ಯಾಗ, ನನ್ನ ಹೆಸರಷ್ಟ ತಗದು. ಲಗ್ನಕ್ಕೂ ಹೋಗಿದ್ದೆ. ಜಿಲೇಬಿ ಛಲೋ ಮಾಡಿದ್ರು, ಮೂರ ಸಲ ಹಾಕಿಸ್ಕೊಂಡೆ. ಮುರದ ಮನಸ್ಸಿನಾಂವ ಮೂರ ಸಲ ಜಿಲೇಬಿ ತಿಂತಾನೇನ್ರಿ?”

“ಇಷ್ಟ ದಿನ ನನಗ ಹೇಳಲಿಲ್ಲಲ್ಲೋ ನೀ!” ಮೂಲೆಯಿಂದ ಮೀರಾಬಿ ಕೂಗಿದಳು. “ನಾ ನಿನ್ನ ಸಲುವಾಗಿ ದರ್ಗಾಕ್ಕ ಹರಕಿ ಹೊತ್ತೇನಲ್ಲೋ, ಮೂಳಾ!”

“ಅಕ್ಕಾ, ಚಹಾ ತರ್ತೀರೇನ್ರಿ?”

“ಎಷ್ಟೊತ್ತಿಗೆ ಬರ್ಲಿ?”

“ಲಗೂ ಬ್ಯಾಡ.”

ಮೀರಾಬಿ ಹೊರಟಳು. ಅವಳು ಆ ಚಹಾಕ್ಕಾಗಿ ಕೊಪ್ಪದಕೇರಿಯವರೆಗೆ ಸುತ್ತು ಹಾಕಿ ಬಂದಳೆಂದು ಓಣಿಯವರು ಹೇಳುತ್ತಾರೆ.

ಬಸವಪ್ರಭು ಕಂಪ್ಯೂಟರ್ ಮುಂದೆ ಕೂತ. ಮೂಲ ಫೈಲನ್ನು ತೆರೆಯಲಿಲ್ಲ. ಒಂದು ಖಾಲಿ ಪುಟ ತೆರೆದ. ಆ ಪ್ರೆಸ್ಸಿನಲ್ಲಿ ಮೂರು ವರ್ಷಗಳಲ್ಲಿ ಮೊದಲ ಸಲ.

ಎಡಗೈಯ ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಒತ್ತಿದ.

‘ಆಮಂತ್ರಿಸುವವರು: ಶ್ರೀಮತಿ ಶಿವಲಿಂಗವ್ವ’

“ನಮ್ಮವ್ವ,” ಎಂದ. “ಆಕಿ ಹೆಸರ ಒಂದ ಪತ್ರಿಕಿ ಮ್ಯಾಲೂ ಮೊದಲ ಬಂದಿಲ್ಲ.”

ಮುಂದಿನ ಸಾಲಿಗೆ ಬಂದು ನಿಂತ. ಬೆರಳು ಗಾಳಿಯಲ್ಲೇ ಇತ್ತು. ಆರತಿ ಎಣಿಸಲಿಲ್ಲ.

‘ಲಿಂ. ದ್ಯಾಮಣ್ಣ ಯಲಿಗಾರ’

ಅವನೇ ಟೈಪ್ ಮಾಡಿದ. ಅವನೇ ಸೇವ್ ಮಾಡಿದ. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟ, ಮೂರು ವರ್ಷದಿಂದ ಹಿಡಿದಿಟ್ಟದ್ದನ್ನು ಬಿಟ್ಟ ಹಾಗೆ.

“ವಧು, ವರ ಅಂತ ಎರಡ ಬಾಕ್ಸ್ ಖಾಲಿ ಇಟ್ಟೇನಿ ನೋಡ್ರಿ. ನೀವು ಕೇಳಿದ್ದ ಖಾಲಿ ಫೈಲು.”

“ಛಲೋ ಆತು,” ಎಂದಳು ಆರತಿ, ಮೂಗು ಒರೆಸುತ್ತ. “ಏಜೆಂಟ್‌ಗೆ ಭಾಳ ಅನುಕೂಲ.”

“ಏಜೆಂಟ್‌ಗಲ್ರಿ!” ಅವನು ಹಣೆ ಒತ್ತಿಕೊಂಡ. “ಹತ್ತ ದಿನದಿಂದ ನಿಮಗ ಒಂದ ಮಾತ ಕೇಳಬೇಕಂತ ಮಾಡೇನಿ. ಬಾಯಿ ತಗದ್ರ ಸಾಕು ನೀವು ಬರ್ಕೋತಿದ್ರಿ. ಅಂಜಿಕಿ ಬಂತು.”

“ಕೇಳ್ರಿ ಈಗ.”

“ಕೇಳಿದ್ರ ಸಿಟ್ಟ ಆಗಂಗಿಲ್ಲಲ್ಲ?”

“ಸಿಟ್ಟ ಆಗಬೇಕಾದವ್ರು ನೀವು. ಇನ್ನೂ ಐತೇನ್ರಿ?”

“ಐತಿ. ಒಂದೀಟ ಉಳದೈತಿ. ಅದು ಇರೂತನಕ ದಿನಾ ಬಂದ ಇಲ್ಲೆ ಕುಂದರಬೇಕ ನೀವು.”

“ಮುಗದ ಮ್ಯಾಲೆ?”

“ಮುಗದ ಮ್ಯಾಲೆ... ಮನಿಗೆ ಬಂದ ಕುಂದರ್ರಿ. ಕಾಯಂ.”

ಆರತಿ ತಲೆ ತಗ್ಗಿಸಿದಳು. ಕೆನ್ನೆಯ ಮೇಲೆ ಯಾರದೋ ಮಾವನ ಹೆಸರಿನೊಂದಿಗೆ ನಾಚಿಕೆಯೂ ಮೂಡಿತು.

“ನಮ್ಮಪ್ಪನ್ನ ಬಂದ ಕೇಳಬೇಕ್ರಿ.”

“ಏನಂತ ಕೇಳ್ಲಿ? ಒಬ್ಬನ ಕೈಮ್ಯಾಲ ನಿಂತ ಪ್ರೆಸ್ಸು, ಆ ಕೈನೂ ನೋಯ್ತೈತಿ ಅಂತ ಹೇಳ್ಲೇನು?”

“ಹಂಗ ಹೇಳ್ರಿ. ಇದ್ದದ್ದ ಇದ್ದಂಗ ಹೇಳ್ರಿ. ನಾ ಬಾಜೂಕ ಕುಂತಿರ್ತೇನಿ.”

“ಬರ್ಕೊಳ್ಳಾಕ?”

“ಅಲ್ಲ,” ಎಂದಳು ಆರತಿ. “ಕೈ ಹಿಡ್ಕೊಳ್ಳಾಕ.”